ಗಾಲಿಯಲ್ಲಿ ಗಾಳಿ ಎಷ್ಟಿರಬೇಕು?

ಬೈಸಿಕಲ್ಲಿಗೆ ಗಾಳಿ ತುಂಬಿಸಿದವರು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ವಾಡಿಕೆ. ಟೈರು ಕುಗ್ಗದಿದ್ದರೆ ಸಮಾಧಾನ. ಕುಗ್ಗಿದರೆ ಪಂಪಿನಿಂದ ಮತ್ತೆ ನಾಲ್ಕು ಬಾರಿ ಒತ್ತುವುದು. ಗಾಲಿ ಕಲ್ಲಿನಂತೆ ಗಟ್ಟಿಯಾದಷ್ಟೂ ಸವಾರಿ ಹಗುರವೆಂಬ ನಂಬಿಕೆ ಇದರ ಹಿಂದಿದೆ. ನಯವಾದ ಡಾಂಬರು ರಸ್ತೆಯ ಮಟ್ಟಿಗೆ ಇದು ಬಹುಪಾಲು ನಿಜವೇ. ಆದರೆ ಬೆಟ್ಟದ ಕಾಲುದಾರಿಯಲ್ಲಿಯೂ ಹಿಮದ ಮೇಲೆಯೂ ಬೈಸಿಕಲ್ ಓಡಿಸುವವರು ಇದಕ್ಕೆ ವಿರುದ್ಧವಾಗಿ ನಡೆಯುತ್ತಾರೆ. ಅದಕ್ಕೆ ಕಾರಣವೇನೆಂದು ತಿಳಿಯಲು ಹೈಸ್ಕೂಲಿನ ಭೌತಶಾಸ್ತ್ರವೇ ಸಾಕು.

ಮೊದಲ ಬೈಸಿಕಲ್ಲುಗಳ ಗಾಲಿಯಲ್ಲಿ ಗಾಳಿಯೇ ಇರಲಿಲ್ಲ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ, ಅನಂತರ ಗಟ್ಟಿ ರಬ್ಬರಿನ ಸುತ್ತು. ಇಂಗ್ಲೆಂಡಿನ ಸವಾರರು ಆ ವಾಹನವನ್ನು ‘ಎಲುಬು ಕುಲುಕುವ ಗಾಡಿ’ ಎಂದು ಕರೆದುದು ಉಚಿತವೇ ಆಗಿತ್ತು. ಗಾಳಿ ತುಂಬಿದ ಗಾಲಿಗೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರನು 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಕೇಳುವವರಿಲ್ಲದೆ ಅದು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ತನ್ನ ಮಗನ ಮೂರು ಚಕ್ರದ ಗಾಡಿಗಾಗಿ ರಚಿಸಿದ ಗಾಲಿಗೆ ಹೊಸದಾಗಿ ಹಕ್ಕುಪತ್ರ ಪಡೆದನು. ಮರುವರ್ಷ ವಿಲಿಯಂ ಹ್ಯೂಮ್ ಎಂಬಾತನು ಅಂಥ ಗಾಲಿಗಳಿಂದ ಪಂದ್ಯಗಳನ್ನು ಗೆದ್ದನು. ಗಟ್ಟಿ ರಬ್ಬರಿನ ದಿನಗಳು ಅಲ್ಲಿಗೆ ಮುಗಿಯುತ್ತ ಬಂದುವು.

ಗಾಳಿಯು ಸವಾರನನ್ನು ಹೊರುವ ಬಗೆ ಸರಳವಾದುದು. ನೆಲಕ್ಕೆ ತಗಲಿದ ಕಡೆ ಟೈರು ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಭಾಗದ ವಿಸ್ತೀರ್ಣವನ್ನು ಒಳಗಿನ ಒತ್ತಡದಿಂದ ಗುಣಿಸಿದರೆ ಬರುವ ಬಲವು ಮೇಲಿನ ಭಾರಕ್ಕೆ ಸಮನಾಗುವವರೆಗೆ ಅದು ಕುಗ್ಗುತ್ತದೆ. ಸವಾರನೂ ವಾಹನವೂ ಸೇರಿ 90 ಕಿಲೋಗ್ರಾಂ ಇದ್ದು, ಹಿಂದಿನ ಗಾಲಿಯ ಪಾಲಿಗೆ 50 ಕಿಲೋಗ್ರಾಂ ಬಂದಿತೆನ್ನೋಣ. ಒತ್ತಡವು ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಂ ಆದರೆ ನೆಲವನ್ನು ಮುಟ್ಟುವ ಭಾಗ ಸುಮಾರು 7 ಚದರ ಸೆಂಟಿಮೀಟರ್. ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸು ಹೆಚ್ಚು, ಅಷ್ಟೆ. ಒತ್ತಡವನ್ನು 2 ಕಿಲೋಗ್ರಾಮಿಗೆ ಇಳಿಸಿದರೆ 25 ಚದರ ಸೆಂಟಿಮೀಟರ್. ಅರ್ಧ ಕಿಲೋಗ್ರಾಮಿಗೆ ಇಳಿಸಿದರೆ 100. ಅಂದರೆ ಒಂದು ಅಂಗೈಯಷ್ಟು.

ಇದನ್ನು ನಂಬಬೇಕಾಗಿಲ್ಲ, ಮಾಡಿಯೇ ನೋಡಬಹುದು. ಟೈರಿಗೆ ಮಸಿ ಬಳಿದು, ಗ್ರಾಫ್ ಕಾಗದದ ಮೇಲೆ ಇಳಿಸಿ, ಬೈಸಿಕಲ್ಲನ್ನು ಗೆಳೆಯನೊಬ್ಬನು ಹಿಡಿದಿರಲು ಮೇಲೆ ಕುಳಿತು ಇಳಿಯಿರಿ. ಮೂಡಿದ ಗುರುತಿನ ಹೊರ ಅಂಚಿನೊಳಗಿನ ಚೌಕಗಳನ್ನು ಎಣಿಸಿ ಒತ್ತಡದಿಂದ ಗುಣಿಸಿದರೆ ಆ ಗಾಲಿಯ ಮೇಲಿನ ಭಾರ ದೊರೆಯುತ್ತದೆ. ಲೆಕ್ಕ ಕರಾರುವಾಕ್ಕಾಗಿ ಕೂಡಲಾರದು. ಟೈರಿನ ಬಿಗಿತವೂ ಭಾರದಲ್ಲಿ ಕಿಂಚಿತ್ ಪಾಲು ಹೊರುತ್ತದೆ.

ಕೆಳಕ್ಕೆ ಬಿಟ್ಟ ರಬ್ಬರ್ ಚೆಂಡು ಮೊದಲಿನ ಎತ್ತರಕ್ಕೆ ಪುಟಿಯುವುದಿಲ್ಲ. ಕುಗ್ಗಿ ಹಿಗ್ಗುವಾಗ ಶಕ್ತಿಯ ಒಂದಂಶ ಶಾಖವಾಗಿ ಕಳೆದುಹೋಗುತ್ತದೆ. ಪ್ರತಿ ಸುತ್ತಿನಲ್ಲಿಯೂ ಟೈರಿಗೆ ಇದೇ ಗತಿ. ಆದುದರಿಂದ ನಯವಾದ ರಸ್ತೆಯಲ್ಲಿ ಕಡಿಮೆ ಕುಗ್ಗುವ ಗಟ್ಟಿ ಗಾಲಿಯೇ ಮೇಲು. ಒರಟು ರಸ್ತೆಯಲ್ಲಾದರೋ ಗಟ್ಟಿ ಗಾಲಿ ಪ್ರತಿಯೊಂದು ಹರಳನ್ನೂ ಏರಿ ಸವಾರನನ್ನೇ ಎತ್ತಿಹಾಕುತ್ತದೆ. ಆ ಶಕ್ತಿ ಅವನ ಮೈಯ ಅದುರಿನಲ್ಲಿ ವ್ಯರ್ಥವಾಗುತ್ತದೆ. 23 ಮಿಲಿಮೀಟರ್ ಟೈರುಗಳನ್ನು ಬಳಸುತ್ತಿದ್ದ ರಸ್ತೆ ಪಂದ್ಯದ ಸವಾರರು ಈಚಿನ ವರ್ಷಗಳಲ್ಲಿ 28ಕ್ಕೆ ಬಂದು, ಒತ್ತಡವನ್ನೂ ತಗ್ಗಿಸಿರುವುದು ಇದರಿಂದಲೇ.

ಬೆಟ್ಟದ ಸವಾರಿಯಲ್ಲಿ ಈ ಪಾಠ ಮೊದಲೇ ಸಿಕ್ಕಿತ್ತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮ್ಯಾರಿನ್ ಪ್ರಾಂತದ ತರುಣರು ಬೆಟ್ಟ ಇಳಿಯಲು ಆರಿಸಿಕೊಂಡುದು ಎರಡಂಗುಲಕ್ಕೂ ಮೀರಿದ ಅಗಲದ ಟೈರುಗಳಿದ್ದ ಹಳೆಯ ಬೈಸಿಕಲ್ಲುಗಳನ್ನು. ಮೆತ್ತನೆಯ ಅಗಲ ಗಾಲಿ ಕಲ್ಲನ್ನು ತಬ್ಬಿಕೊಂಡು ಹಿಡಿತ ಕೊಡುತ್ತದೆ. ಆದರೆ ಬ್ರೇಕು ಸೋಲುತ್ತಿತ್ತು. 1976ರಲ್ಲಿ ಅವರು ಪಂದ್ಯ ಆರಂಭಿಸಿದ ದಾರಿ ಸುಮಾರು 400 ಮೀಟರ್ ಕೆಳಕ್ಕಿಳಿಯುತ್ತದೆ. 80 ಕಿಲೋಗ್ರಾಂ ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು! ಅದರ ದೊಡ್ಡ ಪಾಲು ಹಿಂದಿನ ಚಕ್ರದ ಗುಂಬದೊಳಗಿನ ಬ್ರೇಕನ್ನೇ ಸೇರಿ ಅಲ್ಲಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಇಳಿದ ಮೇಲೆ ಮತ್ತೆ ಗ್ರೀಸು ತುಂಬಲೇಬೇಕು. ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ನಿಂತುದು ಹೀಗೆ.

ಇನ್ನು ಹಿಮದ ಮಾತು. ಅಲಾಸ್ಕದಲ್ಲಿ ನಾಯಿಗಳು ಎಳೆಯುವ ಜಾರುಬಂಡಿಗಳ ಇಡಿಟರಾಡ್ ಹಾದಿಯಲ್ಲಿ 1987ರಲ್ಲಿ ಬೈಸಿಕಲ್ ಪಂದ್ಯವೊಂದು ನಡೆಯಿತು. ಹಿಮ ಮೆತ್ತಗಾದೆಡೆಯಲ್ಲೆಲ್ಲ ಸವಾರರು ವಾಹನವನ್ನು ತಳ್ಳಿಕೊಂಡು ನಡೆಯಬೇಕಾಯಿತು. ಮೇಲೆ ಕಂಡಂತೆ, ಗಾಲಿ ನೆಲವನ್ನು ಒತ್ತುವುದು ಹೆಚ್ಚುಕಡಿಮೆ ಒಳಗಿನ ಒತ್ತಡದಿಂದಲೇ. ಹಿಮ ತಾಳಲಾರದಷ್ಟು ಒತ್ತಿದರೆ ಮುಳುಗುವುದೇ ಸರಿ. ಒತ್ತಡವನ್ನು ಅರ್ಧ ಕಿಲೋಗ್ರಾಮಿಗೆ ಇಳಿಸೋಣವೆಂದರೆ, ಎರಡೂವರೆ ಸೆಂಟಿಮೀಟರ್ ಅಗಲದ ಟೈರು ನಲವತ್ತು ಸೆಂಟಿಮೀಟರ್ ಉದ್ದ ಚಪ್ಪಟೆಯಾಗಬೇಕು. ಅಷ್ಟರಲ್ಲಿ ರಿಮ್ಮೇ ನೆಲಕ್ಕೆ ಬಡಿದಿರುತ್ತದೆ. ಅಗಲವಲ್ಲದೆ ಬೇರೆ ದಾರಿಯಿಲ್ಲ. ಅಲಾಸ್ಕದವರು ಎರಡೆರಡು ರಿಮ್ಮುಗಳನ್ನು ಪಕ್ಕಪಕ್ಕಕ್ಕೆ ಬೆಸೆದು ಪ್ರಯೋಗಿಸಿದರು. 2005ರಲ್ಲಿ ಸರ್ಲಿ ಎಂಬ ಅಮೆರಿಕದ ಕಂಪನಿ ಸುಮಾರು 3.7 ಅಂಗುಲ ಅಗಲದ ಟೈರುಗಳ ಬೈಸಿಕಲ್ಲನ್ನು ಮಾರುಕಟ್ಟೆಗೆ ತಂದಿತು.

ಇಲ್ಲಿ ಚಳಿಯ ಕುಚೋದ್ಯವೊಂದಿದೆ. 20 ಡಿಗ್ರಿ ಸೆಂಟಿಗ್ರೇಡಿನ ಕೋಣೆಯಲ್ಲಿ ಗಾಳಿ ತುಂಬಿಸಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಬಯಲಿಗೆ ಹೊರಟೆವೆನ್ನಿ. ನಿರಪೇಕ್ಷ ಉಷ್ಣತೆ 293ರಿಂದ 253ಕ್ಕೆ ಇಳಿಯಿತು; ಗಾತ್ರ ಬದಲಾಗದಿದ್ದರೆ ಒತ್ತಡವೂ ನೂರಕ್ಕೆ ಸುಮಾರು 14ರಷ್ಟು ಇಳಿಯಬೇಕು. ಆದರೆ ಇಳಿಯುವುದು ವಾಯುಮಂಡಲದ 1 ಕಿಲೋಗ್ರಾಮನ್ನೂ ಸೇರಿಸಿದ ಪೂರ್ಣ ಒತ್ತಡ. ಮಾಪಕ ತೋರಿಸುವುದು ಅದಕ್ಕಿಂತ ಹೆಚ್ಚಾದುದನ್ನು ಮಾತ್ರ. ರಸ್ತೆಯ ಗಾಲಿಯಲ್ಲಿ ಪೂರ್ಣ ಒತ್ತಡ 8ರಿಂದ 6.9ಕ್ಕೆ, ಅಂದರೆ ಮಾಪಕದಲ್ಲಿ 7ರಿಂದ 5.9ಕ್ಕೆ ಬರುತ್ತದೆ. ಹಿಮದ ಗಾಲಿಯಲ್ಲಿ 1.5ರಿಂದ 1.3ಕ್ಕೆ, ಮಾಪಕದಲ್ಲಿ 0.5 ಇದ್ದುದು 0.3! ಒಂದರಲ್ಲಿ ಆರನೆಯ ಒಂದು ಪಾಲು ಹೋದರೆ ಇನ್ನೊಂದರಲ್ಲಿ ಐದನೆಯ ಎರಡು ಪಾಲು. ಹಿಮಸವಾರನು ಗಾಲಿಯನ್ನು ಹೊರಗಿನ ಚಳಿಯಲ್ಲಿ ಚೆನ್ನಾಗಿ ತಣಿಯಬಿಟ್ಟು, ಆಮೇಲೆ ಮಾಪಕ ಹಿಡಿಯಬೇಕು.