ಕೋರ್ಟು ಕೊಟ್ಟದ್ದು ಗಡುವು, ಹಕ್ಕಲ್ಲ

ಪುಣೆಯ ಸಿಟಿ ಸರ್ವೆ ಕಚೇರಿಗಳಲ್ಲಿ ಜಾಗದ ಹಕ್ಕಿನ ಚೌಕಶಿ, ಅಂದರೆ ವಿಚಾರಣೆ, ವರ್ಷಗಟ್ಟಲೆ ನಿಂತುಬಿಡುವುದು ಹೊಸ ಸುದ್ದಿಯಲ್ಲ. ಒಂದು ತಾರೀಖಿಗೆ ಅಧಿಕಾರಿ ಇರುವುದಿಲ್ಲ, ಇನ್ನೊಂದಕ್ಕೆ ಮೋಜಣಿಯ ನಕ್ಷೆ ಬಂದಿರುವುದಿಲ್ಲ, ಮುಂದಿನದಕ್ಕೆ ಅಧಿಕಾರಿಗೆ ವರ್ಗವಾಗಿ ಹೊಸಬರು ಕಡತವನ್ನು ಮೊದಲಿನಿಂದ ಓದತೊಡಗುತ್ತಾರೆ. ಬೇಸತ್ತವರು ಮುಂಬಯಿ ಹೈಕೋರ್ಟಿನಲ್ಲಿ ರಿಟ್ ಹಾಕುತ್ತಾರೆ. ಇಂತಿಷ್ಟು ವಾರದೊಳಗೆ ಚೌಕಶಿ ಮುಗಿಸಿ ಎಂದು ಆದೇಶವಾಗುತ್ತದೆ, ಮನೆಯಲ್ಲಿ ಪೇಢೆ ಹಂಚುತ್ತಾರೆ. ಸಂತೋಷಪಡಬೇಕಾದ್ದೇ. ಆದರೆ ಆ ಆದೇಶದ ಬಗ್ಗೆ ಜನ ನಂಬಿಕೊಂಡಿರುವ ಕೆಲವು ಮಾತುಗಳಿಂದ ಕೈಗೆ ಬಂದ ಜಾಗವೂ ತಪ್ಪಿಹೋಗಬಹುದು. ಪುಣೆಯ ಕನ್ನಡ ಮನೆಗಳಲ್ಲೂ ಈ ಮಾತುಗಳು ಓಡಾಡುತ್ತಿರುವುದರಿಂದ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿದೆ, ಜಾಗ ನಮ್ಮದಾಯಿತು.

ವಾಸ್ತವ: ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟು ಹೊರಡಿಸುವ ಪರಮಾದೇಶವು ಅಧಿಕಾರಿಗೆ ಅವನ ಕರ್ತವ್ಯವನ್ನು ಮಾಡು ಎನ್ನುತ್ತದೆ. ಯಾರ ಪರವಾಗಿ ಮಾಡು ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಇಂಥ ಆದೇಶಗಳ ಕೊನೆಯಲ್ಲಿ, ಉಭಯ ಪಕ್ಷಗಳ ವಾದಗಳೆಲ್ಲ ಮುಕ್ತವಾಗಿವೆ ಎಂಬರ್ಥದ ಒಂದು ಸಾಲು ಇರುತ್ತದೆ. ಪೇಢೆ ತರುವ ಮುಂಚೆ ಓದಬೇಕಾದದ್ದು ಆ ಸಾಲನ್ನು. ಪರಿಗಣಿಸಿ ಎಂದು ಕೋರ್ಟು ಹೇಳಿದ್ದಕ್ಕೆ ಮಂಜೂರು ಮಾಡಿ ಎಂಬ ಅರ್ಥ ಬರುವುದಿಲ್ಲವೆಂದು ಆಂಧ್ರಪ್ರದೇಶ ರಸ್ತೆ ಸಾರಿಗೆ ನಿಗಮದ 2006ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ.

ತಪ್ಪು ಕಲ್ಪನೆ: ಚೌಕಶಿ ಮುಗಿದು ಪ್ರಾಪರ್ಟಿ ಕಾರ್ಡಿಗೆ ಹೆಸರು ಬಂದರೆ ಮಾಲೀಕತ್ವದ ಪ್ರಶ್ನೆಯೇ ಮುಗಿಯಿತು.

ವಾಸ್ತವ: ಅತಿ ಹೆಚ್ಚು ಮನೆಗಳನ್ನು ಒಡೆದಿರುವ ನಂಬಿಕೆ ಇದೇ ಎಂದು ನನಗನಿಸುತ್ತದೆ. ಪುಣೆ ಜಿಲ್ಲೆಗೆ ಭೂದಾಖಲೆ ಹೊಸದಲ್ಲ. ಮುಂಬಯಿ ಪ್ರಾಂತದ ಸರ್ವೆ ಪದ್ಧತಿ 1836ರ ಸುಮಾರಿಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅವರ ಕೈಯಲ್ಲಿ ರೂಪುಗೊಂಡದ್ದು ಇದೇ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ. ಅಲ್ಲಿಂದ ಅದು ಧಾರವಾಡ, ಬೆಳಗಾವಿಗಳ ಕಡೆಗೂ ಬಂತು. ಆ ಸರ್ವೆಯ ಗುರಿ ಕಂದಾಯ. ಭೂಮಿ ಎಷ್ಟು, ತೆರಿಗೆ ಯಾರು ಕಟ್ಟಬೇಕು ಎಂಬುದು ಅದಕ್ಕೆ ಬೇಕಿತ್ತೇ ಹೊರತು ಅಣ್ಣತಮ್ಮಂದಿರಲ್ಲಿ ನಿಜವಾದ ಒಡೆಯ ಯಾರು ಎಂಬುದಲ್ಲ.

ಇಂದಿನ ಕಾನೂನೂ ಅದೇ ಜಾಡಿನಲ್ಲಿದೆ. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 20ನೇ ಕಲಮಿನಡಿ ಕಲೆಕ್ಟರ್ ಅಥವಾ ಸರ್ವೆ ಅಧಿಕಾರಿ ನೋಟಿಸು ಕೊಟ್ಟು ವಿಚಾರಿಸಿ ನಿರ್ಧರಿಸುವುದು, ಸರ್ಕಾರಕ್ಕೂ ಇನ್ನೊಬ್ಬರಿಗೂ ನಡುವೆ ಇರುವ ಹಕ್ಕಿನ ತಕರಾರನ್ನು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮು ಇದರ ಒಡಹುಟ್ಟು. ಎರಡಕ್ಕೂ ಮೂಲ 1879ರ ಮುಂಬಯಿ ಸಂಹಿತೆ. ಇಬ್ಬರು ಖಾಸಗಿ ವ್ಯಕ್ತಿಗಳ ನಡುವೆ ಜಾಗ ಯಾರದು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಸಿವಿಲ್ ಕೋರ್ಟು. ಹಕ್ಕುದಾಖಲೆಯ ನಮೂದನ್ನು ಸರಿಯೆಂದು ಭಾವಿಸಬೇಕು ಎಂದು ಮಹಾರಾಷ್ಟ್ರ ಸಂಹಿತೆಯ 157ನೇ ಕಲಮು ಹೇಳುವುದು ನಿಜ, ಆದರೆ ಅದು ತಪ್ಪೆಂದು ಸಾಬೀತಾಗುವ ತನಕ ಮಾತ್ರ. ಫೇರ್‌ಫಾರಿನಿಂದ, ಅಂದರೆ ದಾಖಲೆಯಲ್ಲಿ ಹೆಸರು ಬದಲಾಯಿಸುವುದರಿಂದ, ಮಾಲೀಕತ್ವ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು 1996, 1997ರಿಂದ 2021ರವರೆಗೂ ಹೇಳುತ್ತಲೇ ಬಂದಿದೆ. ಹಾಗೆಂದು ಕಾರ್ಡಿಗೆ ಬೆಲೆಯಿಲ್ಲವೆನ್ನಬಾರದು. ಬ್ಯಾಂಕಿನ ಸಾಲಕ್ಕೆ, ಕಟ್ಟಡದ ಪರವಾನಗಿಗೆ ಅದಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲಾಗುವುದಿಲ್ಲ. ಅದಕ್ಕೇ ಚೌಕಶಿಯ ವಿಳಂಬ ಇಷ್ಟು ನೋಯಿಸುತ್ತದೆ.

ತಪ್ಪು ಕಲ್ಪನೆ: ಕಡತವನ್ನು ಏಳು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ಕಾನೂನಿದೆ, ಅದೇ ಸಾಕು.

ವಾಸ್ತವ: ಮಹಾರಾಷ್ಟ್ರದಲ್ಲಿ ನೌಕರರ ವರ್ಗಾವಣೆ ಮತ್ತು ಕೆಲಸದ ವಿಳಂಬ ತಡೆಯುವ ಕಾಯ್ದೆ ಇದೆ. ಅದರ 10ನೇ ಕಲಮು ಏಳು ಕೆಲಸದ ದಿನಗಳ ಮಿತಿ ಹಾಕಿದೆ. ಆದರೆ ಮರು ಕಲಮೇ ಅರೆನ್ಯಾಯಿಕ ವಿಷಯಗಳನ್ನು ಅದರಿಂದ ಹೊರಗಿಟ್ಟಿದೆ. ನೋಟಿಸು, ಸಾಕ್ಷ್ಯ, ವಾದ ಕೇಳಿ ಆದೇಶ ಬರೆಯುವ ಹಕ್ಕಿನ ಚೌಕಶಿ ಅರೆನ್ಯಾಯಿಕವೇ. ಜನಸಾಮಾನ್ಯರಿಗೆ ಗಡುವು ಅತ್ಯಂತ ಬೇಕಾದ ಕಡೆಯಲ್ಲೇ ಕಾಯ್ದೆ ಕೈಬಿಟ್ಟಿರುವುದು ಸರಿಯಲ್ಲ. ಜನ ಹೈಕೋರ್ಟಿಗೆ ಹೋಗುವುದು ಸುಮ್ಮನೆ ಅಲ್ಲ.

ತಪ್ಪು ಕಲ್ಪನೆ: ಕೋರ್ಟಿನ ಗಡುವು ಮೀರಿದರೆ ನಮ್ಮ ಅರ್ಜಿ ತಾನಾಗಿ ಮಂಜೂರಾಗುತ್ತದೆ, ಅಧಿಕಾರಿ ಜೈಲಿಗೆ ಹೋಗುತ್ತಾನೆ.

ವಾಸ್ತವ: ತಾನಾಗಿ ಏನೂ ಆಗುವುದಿಲ್ಲ. ಗಡುವು ಹೆಚ್ಚಿಸಿಕೊಡಿ ಎಂದು ಅಧಿಕಾರಿ ಕೋರ್ಟನ್ನು ಕೇಳಬಹುದು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಡಿ ಹೋದರೆ ಬೇಕೆಂದೇ ಆದೇಶ ಮೀರಿದ್ದನ್ನು ತೋರಿಸಬೇಕು. ಹುದ್ದೆ ಖಾಲಿಯಿತ್ತು, ಮೋಜಣಿ ಬರಲಿಲ್ಲ ಎಂಬ ವಿವರಣೆಗಳು ಆಗ ಬರುತ್ತವೆ. ನಿಂದನೆಯ ಅರ್ಜಿಗೂ ಒಂದು ವರ್ಷದ ಮಿತಿ ಇದೆ. ಆದ್ದರಿಂದ ಆದೇಶದ ದೃಢೀಕೃತ ಪ್ರತಿಯನ್ನು ಕಚೇರಿಯ ಆವಕ ವಿಭಾಗಕ್ಕೆ ಕೊಟ್ಟು ಸಿಕ್ಕಾ, ತಾರೀಖು ಹಾಕಿಸಿಕೊಳ್ಳಿ. ಆದೇಶ ತನಗೆ ತಲುಪಲೇ ಇಲ್ಲ ಎನ್ನಲು ಅಧಿಕಾರಿಗೆ ಆಗ ಜಾಗವಿರುವುದಿಲ್ಲ.

ತಪ್ಪು ಕಲ್ಪನೆ: ತಡಮಾಡಿದ್ದು ಸರ್ಕಾರ, ನಾವು ಯಾವಾಗ ಹೋದರೂ ಕೋರ್ಟು ಕೇಳುತ್ತದೆ.

ವಾಸ್ತವ: ಹಳಸಿಹೋದ ಬೇಡಿಕೆಯೊಂದು, ಮನವಿ ಪರಿಗಣಿಸಿ ಎಂಬ ಆದೇಶದಿಂದ ಮತ್ತೆ ಜೀವ ಪಡೆಯುವುದಿಲ್ಲವೆಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ನೌಕರಿಯ ವಿಷಯವಾದರೂ ತತ್ವ ಇಲ್ಲಿಗೂ ಅನ್ವಯಿಸಬಹುದು. ಮೊದಲು ಲಿಖಿತವಾಗಿ ಕೇಳಿ, ಉತ್ತರ ಬಾರದಿದ್ದರೆ ಆಮೇಲೆ ರಿಟ್.

ತಪ್ಪು ಕಲ್ಪನೆ: ಚೌಕಶಿ ಬೇಗ ಮುಗಿದರೆ ಜಾಗದಲ್ಲಿ ಇರುವವರಿಗೇ ಲಾಭ.

ವಾಸ್ತವ: ಪುಣೆಯ ಕೊಂಢವಾ ಬುದ್ರುಕ್ ಇದಕ್ಕೆ ಉತ್ತರ. ಅಲ್ಲಿನ 11.89 ಹೆಕ್ಟೇರ್ ಕಾಯ್ದಿಟ್ಟ ಅರಣ್ಯವನ್ನು 1998ರಲ್ಲಿ ಬೇಸಾಯಕ್ಕೆಂದು ಮಂಜೂರು ಮಾಡಲಾಯಿತು. ಮರುವರ್ಷವೇ ಅದನ್ನು ಒಂದು ಗೃಹನಿರ್ಮಾಣ ಸಂಘಕ್ಕೆ ಮಾರಲು ಅನುಮತಿ ಸಿಕ್ಕಿತು. 2025ರ ಮೇ 15ರಂದು ಸುಪ್ರೀಂ ಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಬಿ. ಆರ್. ಗವಾಯಿ ಅವರ ಪೀಠ ಅದನ್ನೆಲ್ಲ ಅಕ್ರಮವೆಂದು ಹೇಳಿ, ಭೂಮಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸುವಂತೆ ಆದೇಶಿಸಿತು. ಅಷ್ಟಕ್ಕೇ ನಿಲ್ಲದೆ, ಕಂದಾಯ ಇಲಾಖೆಯ ಕೈಯಲ್ಲಿರುವ ಅರಣ್ಯ ಭೂಮಿ ಖಾಸಗಿಯವರ ಪಾಲಾಗಿದೆಯೇ ಎಂದು ವಿಶೇಷ ತಂಡ ರಚಿಸಿ ತನಿಖೆ ಮಾಡಲು, ಒಂದು ವರ್ಷದೊಳಗೆ ಕ್ರಮ ಪೂರ್ತಿಗೊಳಿಸಲು ಎಲ್ಲ ರಾಜ್ಯಗಳಿಗೆ ಸೂಚಿಸಿತು. ಗಡುವು ಇಲ್ಲೂ ಇತ್ತು, ಆದರೆ ಅದು ಕಾಯಹೊರಟಿದ್ದು ಸಾರ್ವಜನಿಕ ಭೂಮಿಯನ್ನು. ದಾಖಲೆ ಗಟ್ಟಿಯಿಲ್ಲದವರು ಚೌಕಶಿಗೆ ಅವಸರಪಡಿಸುವ ಮುಂಚೆ ಹಳೆಯ ಕಾಗದಗಳನ್ನೆಲ್ಲ ಒಬ್ಬ ಒಳ್ಳೆಯ ವಕೀಲರಿಗೆ ತೋರಿಸಲಿ.

ತಪ್ಪು ಕಲ್ಪನೆ: ಚೌಕಶಿಯ ಆದೇಶ ನಮಗೆ ವಿರುದ್ಧವಾಗಿ ಬಂದರೆ ನಿಧಾನವಾಗಿ ದಾವೆ ಹಾಕಿದರಾಯಿತು.

ವಾಸ್ತವ: ಮಹಾರಾಷ್ಟ್ರ ಸಂಹಿತೆಯ 20ನೇ ಕಲಮಿನ ಆದೇಶವನ್ನು ರದ್ದುಮಾಡಿಸಲು ಸಿವಿಲ್ ದಾವೆಗೆ ಇರುವುದು ಒಂದೇ ವರ್ಷ. ಮೇಲ್ಮನವಿ ಹೋಗಿದ್ದರೆ ಕೊನೆಯ ಮೇಲ್ಮನವಿಯ ಆದೇಶದಿಂದ ಒಂದು ವರ್ಷ. ಎದುರಾಳಿ ಅವಧಿ ಮೀರಿದೆ ಎಂದು ಹೇಳದಿದ್ದರೂ ನ್ಯಾಯಾಲಯ ದಾವೆಯನ್ನು ವಜಾ ಮಾಡಲೇಬೇಕು. ಆದೇಶದ ನೋಟಿಸು ನಿಮಗೆ ಸರಿಯಾಗಿ ಮುಟ್ಟಿರಬೇಕೆಂಬ ರಕ್ಷಣೆ ಇದೆ, ನಿಜ. ಆದರೆ ನಿಯಮಗಳು ಹೇಳಿದ ರೀತಿಯಲ್ಲಿ ನೋಟಿಸು ಕೊಟ್ಟಿದ್ದರೆ ಕಾನೂನು ಅದನ್ನು ಮುಟ್ಟಿದಂತೆಯೇ ಲೆಕ್ಕ ಹಿಡಿಯುತ್ತದೆ. ಪೇಟೆಯ ಹಳೆಯ ವಾಡೆ ಬಿಟ್ಟು ಕೋಥರೂಡಿನ ಫ್ಲ್ಯಾಟಿಗೆ ಹೋದ ಎಷ್ಟೋ ಮನೆಗಳ ಹಳೆಯ ವಿಳಾಸವೇ ಇನ್ನೂ ಕಡತದಲ್ಲಿ ಉಳಿದಿರಬಹುದು. ಈ ವಾರವೇ ಸಿಟಿ ಸರ್ವೆ ಕಚೇರಿಗೆ ಹೋಗಿ ಹೊಸ ವಿಳಾಸವನ್ನು ಲಿಖಿತವಾಗಿ ಕೊಟ್ಟು ಬನ್ನಿ.