ಮೊದಲು ಕೈ, ಆಮೇಲೆ ಕಾಲು

ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವಂತಿಲ್ಲ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದ 13 ನಿಯಮಗಳಲ್ಲೇ ಈ ಮಾತಿತ್ತು. ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಓಡುತ್ತ ಹಿಡಿದವನಿಗೆ ಮಾತ್ರ ತುಸು ರಿಯಾಯಿತಿ. ಚೆಂಡು ಪುಟಿಸುತ್ತ ಸಾಗುವ ಡ್ರಿಬ್ಲಿಂಗ್ ಆಗ ಇರಲಿಲ್ಲ, ಅದು ಆಮೇಲೆ ಆಟಗಾರರೇ ಕಂಡುಕೊಂಡ ದಾರಿ. ಚೆಂಡು ಹಿಡಿದು ಮಿತಿಮೀರಿ ಹೆಜ್ಜೆ ಹಾಕುವ ತಪ್ಪಾದ ಟ್ರಾವೆಲಿಂಗ್ ಕುರಿತ ಇಂದಿನ ತಕರಾರುಗಳಲ್ಲಿ ಹೆಚ್ಚಿನವು ಆ ರಿಯಾಯಿತಿ ಎಷ್ಟು ಎಂಬುದರ ಸುತ್ತಲೇ ಇವೆ.

ಪ್ರೇಕ್ಷಕರು ಹೆಜ್ಜೆ ಎಣಿಸುತ್ತಾರೆ. ಆದರೆ ಎಣಿಕೆ ಎಲ್ಲಿಂದ ಶುರು ಎಂಬುದೇ ಮುಖ್ಯ. ಚೆಂಡು ಪುಟಿಸುತ್ತಿರುವಾಗ, ಅದು ಕೈಯಲ್ಲಿಲ್ಲದ ಹೊತ್ತಿನಲ್ಲಿ ಎಷ್ಟು ಹೆಜ್ಜೆ ಹಾಕಿದರೂ ತಪ್ಪಿಲ್ಲ. ಎರಡೂ ಕೈ ಒಟ್ಟಿಗೆ ಚೆಂಡಿಗೆ ತಾಗಿದರೆ, ಇಲ್ಲವೇ ಒಂದೇ ಕೈಯಲ್ಲಾದರೂ ಚೆಂಡು ನಿಂತರೆ ಡ್ರಿಬಲ್ ಮುಗಿಯಿತು. ರೆಫರಿ ಮೊದಲು ಗುರುತಿಸಬೇಕಾದದ್ದು ಈ ಕ್ಷಣವನ್ನು.

ಬುಟ್ಟಿಯ ಬಳಿಗೆ ಓಡಿ ಬಂದು ನೆಗೆದು ಎಸೆಯುವ ಲೇ-ಅಪ್ ನೋಡಿ. ಬಲಗೈ ಆಟಗಾರ ಓಡುತ್ತ ಬಂದು ಚೆಂಡನ್ನು ಹಿಡಿದಾಗ ಎಡಗಾಲು ನೆಲದ ಮೇಲಿದೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ 2017ರಲ್ಲಿ ತಿದ್ದಿದ ನಿಯಮದಂತೆ ಆ ಕಾಲು ಲೆಕ್ಕಕ್ಕಿಲ್ಲ. ನಂತರದ ಬಲಗಾಲು ಒಂದು, ಎಡಗಾಲು ಎರಡು. ಅಲ್ಲಿಂದ ನೆಗೆದು ಚೆಂಡು ಬಿಡಬೇಕು. ಕಣ್ಣಿಗೆ ಮೂರು ಹೆಜ್ಜೆಯಂತೆ ಕಂಡರೂ ಇದು ಶುದ್ಧ ಆಟ. ಓಡುತ್ತ ಪಾಸ್ ಹಿಡಿದವನು ಡ್ರಿಬಲ್ ಶುರು ಮಾಡುವುದಾದರೆ ಮಾತ್ರ ಎರಡನೇ ಹೆಜ್ಜೆಗೆ ಮುಂಚೆಯೇ ಚೆಂಡು ಕೈಬಿಟ್ಟಿರಬೇಕು.

ನಿಂತಲ್ಲೇ ಚೆಂಡು ಪಡೆದವನಿಗೆ ಒಂದು ಕಾಲು ಪಿವಟ್. ಅದು ನೆಲಕ್ಕಂಟಿರುವಷ್ಟು ಹೊತ್ತು ಇನ್ನೊಂದು ಕಾಲನ್ನು ಯಾವ ದಿಕ್ಕಿಗಾದರೂ ಇಡಬಹುದು. ಪಾಸ್ ಅಥವಾ ಶಾಟ್‌ಗಾಗಿ ಪಿವಟ್ ಕಾಲು ಎತ್ತಬಹುದು, ಆದರೆ ಚೆಂಡು ಕೈಬಿಡುವ ಮುನ್ನ ಅದು ಮರಳಿ ನೆಲ ಮುಟ್ಟಬಾರದು. ಡ್ರಿಬಲ್‌ಗಾದರೆ ಎತ್ತುವ ಮೊದಲೇ ಚೆಂಡು ಕೈಬಿಟ್ಟಿರಬೇಕು. ಹೊಸ ಆಟಗಾರರು ಹೆಚ್ಚಾಗಿ ಎಡವುವುದು ಇಲ್ಲೇ.

ಡ್ರಿಬಲ್ ಮುಗಿಸಿದವನು ಮತ್ತೆ ಪುಟಿಸಿದರೆ ಡಬಲ್ ಡ್ರಿಬಲ್. ನಡುವೆ ಅವನು ಬುಟ್ಟಿಗೆ ಎಸೆದಿದ್ದರೆ ಅಥವಾ ಎದುರಾಳಿಯ ಕೈ ಚೆಂಡಿಗೆ ತಾಗಿದ್ದರೆ ಹೊಸ ಡ್ರಿಬಲ್‌ಗೆ ಅವಕಾಶವುಂಟು. ಕೈಜಾರಿದ ಚೆಂಡು ಡ್ರಿಬಲ್ ಅಲ್ಲ, ಹೋಗಿ ಹಿಡಿಯಬಹುದು. ಚೆಂಡಿನೊಂದಿಗೆ ಬಿದ್ದು ಜಾರಿದರೂ ತಪ್ಪಿಲ್ಲ, ಅದನ್ನು ಹಿಡಿದೇ ಉರುಳಿದರೆ ಅಥವಾ ಏಳಲು ಯತ್ನಿಸಿದರೆ ಟ್ರಾವೆಲಿಂಗ್.

ರೆಫರಿ ಎರಡು ಮುಷ್ಟಿಗಳನ್ನು ಸುತ್ತಿಸಿ ಟ್ರಾವೆಲಿಂಗ್ ಸೂಚಿಸುತ್ತಾರೆ. ಟ್ರಾವೆಲಿಂಗ್, ಡಬಲ್ ಡ್ರಿಬಲ್ ಎರಡೂ ಫೌಲ್‌ಗಳಲ್ಲ, ಆಟಗಾರನ ಖಾತೆಗೆ ಸೇರುವುದಿಲ್ಲ. ಚೆಂಡು ಎದುರಾಳಿ ತಂಡದ ಪಾಲಾಗುತ್ತದೆ. ತಪ್ಪು ನಡೆದ ಜಾಗಕ್ಕೆ ಹತ್ತಿರದ ಗೆರೆಯಾಚೆಯಿಂದ ಥ್ರೋ-ಇನ್.