ಪ್ರಬಲ ಸಂಸ್ಥೆಯೂ ಬೆಲೆಯ ನಿರ್ಣಯವೂ

ಒಂದೇ ಸರಕನ್ನು ಮಾರುವ ಹಲವರಲ್ಲಿ ಒಬ್ಬನು ಅತಿಪ್ರಬಲನಾಗಿದ್ದರೆ, ಬೆಲೆಯನ್ನು ಗೊತ್ತುಮಾಡುವವನು ಅವನೇ. ಚಿಕ್ಕವರು ಆ ಬೆಲೆಯನ್ನಂಗೀಕರಿಸಿ, ತಮಗೆ ಲಾಭವಿರುವಷ್ಟು ಮಾರುವರು. ಮಿಕ್ಕ ಬೇಡಿಕೆಯೇ ಪ್ರಬಲನ ಪಾಲು. ಆದುದರಿಂದ ಅವನು ಗಣಿಸಬೇಕಾದುದು ಸಮಸ್ತ ಬೇಡಿಕೆಯನ್ನಲ್ಲ, ಈ ಶೇಷವನ್ನು. ಬೆಲೆಯನ್ನೇರಿಸಿದಂತೆಲ್ಲ ಕೊಳ್ಳುವವರು ಕಡಮೆಯಾಗುವರು, ಚಿಕ್ಕವರ ಉತ್ಪತ್ತಿಯು ಹೆಚ್ಚುವುದು. ಶೇಷವು ಎರಡು ಕಡೆಯಿಂದಲೂ ಕ್ಷಯಿಸುವುದು.

ಅಮೆರಿಕದ ಉಕ್ಕಿನ ವ್ಯಾಪಾರವು ಇದಕ್ಕೆ ನಿದರ್ಶನ. 1901ರಲ್ಲಿ ಸ್ಥಾಪಿತವಾದಾಗ ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಕಾರ್ಪೊರೇಷನ್ ಆ ದೇಶದ ಉಕ್ಕಿನಲ್ಲಿ ಸುಮಾರು ಮೂರರಲ್ಲೆರಡು ಪಾಲನ್ನು ತಯಾರಿಸುತ್ತಿದ್ದಿತು. 1907ರಿಂದ ಅದರ ಅಧ್ಯಕ್ಷರಾದ ಎಲ್ಬರ್ಟ್ ಗ್ಯಾರಿಯವರು ಪ್ರತಿಸ್ಪರ್ಧಿಗಳನ್ನು ಔತಣಗಳಿಗೆ ಕರೆದು ಬೆಲೆಗಳ ಸ್ಥೈರ್ಯವನ್ನು ಬೋಧಿಸಿದರು. ಬೆಲೆಯು ಕುಸಿಯದೆ ನಿಂತಿತು. ಆದರೆ ಅದರ ನೆರಳಿನಲ್ಲಿಯೇ ಬೆತ್ಲೆಹೆಮ್ ಮೊದಲಾದ ಸಂಸ್ಥೆಗಳು ಬೆಳೆದುವು. 1925ರ ವೇಳೆಗೆ ಹಿರಿಯ ಸಂಸ್ಥೆಯ ಪಾಲು ಅರ್ಧಕ್ಕಿಂತಲೂ ಕೆಳಗಿಳಿದಿದ್ದಿತು. ಹೆಚ್ಚಿನ ಬೆಲೆಯು ಇಂದಿನ ಲಾಭವನ್ನು ಕೊಡುವುದಾದರೂ ನಾಳಿನ ಪ್ರಾಧಾನ್ಯವನ್ನು ಅಪಹರಿಸುವುದೆಂಬುದು ಇದರಿಂದ ವಿದಿತವಾಗುವುದು.